ಸಾಸಿವೆ: ಬಾಣಲೆಗೋ, ಟ್ಯಾಂಕಿಗೋ?

2022ರ ಮಾರ್ಚ್ ತಿಂಗಳು. ಉಕ್ರೇನ್ ಮೇಲೆ ರಷ್ಯಾ ದಾಳಿ ಶುರುಮಾಡಿ ಇನ್ನೂ ಕೆಲವೇ ವಾರ. ಜರ್ಮನಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ಅಡುಗೆ ಎಣ್ಣೆಯ ಸಾಲು ಖಾಲಿ ಖಾಲಿ. ಎಣ್ಣೆ ಇದ್ದ ಅಂಗಡಿಗಳಲ್ಲಿ ಒಂದು ಬೋರ್ಡು, ಒಬ್ಬರಿಗೆ ಇಷ್ಟೇ ಬಾಟಲಿ. ಯುರೋಪಿನ ಅತಿ ದೊಡ್ಡ ಆರ್ಥಿಕತೆ ಅಂತ ನಾವು ದಿನಾ ಹೇಳ್ತೀವಲ್ಲ, ಆ ದೇಶದಲ್ಲಿ ಅಡುಗೆ ಎಣ್ಣೆಗೆ ರೇಷನ್! ನಮ್ಮಲ್ಲೂ ಅದೇ ಹೊತ್ತಿಗೆ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಕೈಗೆತ್ತಿಕೊಂಡು, ದರ ನೋಡಿ, ವಾಪಸ್ ಇಟ್ಟವರು ಎಷ್ಟೋ ಜನ. ನಾವು ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದದ್ದೇ ಉಕ್ರೇನಿನಿಂದ.

ಇಲ್ಲಿವರೆಗಿನ ಸುದ್ದಿ ನೀವೂ ನೋಡಿದ್ದೀರಿ, ನಾವೂ ತೋರಿಸಿದ್ದೇವೆ. ಆದರೆ ತೋರಿಸದೇ ಇದ್ದ ಇನ್ನೊಂದು ವಿಷಯ ಇದೆ. ಜರ್ಮನಿಯ ಮಂದಿ ಎಣ್ಣೆ ಬಾಟಲಿಗೆ ಹುಡುಕಾಡುತ್ತಿದ್ದ ಅದೇ ವಾರಗಳಲ್ಲಿ, ಅದೇ ದೇಶದ ಪೆಟ್ರೋಲ್ ಬಂಕ್‌ಗಳಲ್ಲಿ ಡೀಸೆಲ್ ಜೊತೆ ಸೇರಿಕೊಂಡು ಲಾರಿ, ಕಾರುಗಳ ಟ್ಯಾಂಕಿಗೆ ಅಡುಗೆ ಎಣ್ಣೆಯೇ ಹೋಗುತ್ತಿತ್ತು. ಯಾವ ಎಣ್ಣೆ? ರೇಪ್‌ಸೀಡ್ ಎಣ್ಣೆ. ನಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ಇದೆಯಲ್ಲ, ಅದರ ಒಡಹುಟ್ಟಿದ ಗಿಡದ ಎಣ್ಣೆ. ಯುರೋಪಿನಲ್ಲಿ ರೇಪ್‌ಸೀಡ್ ಎಣ್ಣೆಯ ಅತಿ ದೊಡ್ಡ ಗಿರಾಕಿ ಅಡುಗೆಮನೆ ಅಲ್ಲ, ಬಯೋಡೀಸೆಲ್ ಕಾರ್ಖಾನೆ.

ಇದೇನು ಮೊನ್ನೆ ಮೊನ್ನೆ ಹುಟ್ಟಿದ ಜಗಳ ಅಂದುಕೊಳ್ಳಬೇಡಿ. ಈ ಗಿಡ ಉಣ್ಣೋದಕ್ಕಾ, ಉರಿಸೋದಕ್ಕಾ ಅನ್ನುವ ಪ್ರಶ್ನೆಗೆ ಇನ್ನೂರು ವರ್ಷ ದಾಟಿದೆ. ನಾನು ಈ ಇತಿಹಾಸ ಓದುತ್ತಾ ಹೋದಾಗ ನನಗೆ ಎದ್ದು ಕಂಡದ್ದು ಒಂದೇ. ಪ್ರತಿ ಸಲವೂ ಉತ್ತರ ಕೊಟ್ಟವರು ಬೆಳೆದವರಲ್ಲ, ಅಡುಗೆ ಮಾಡಿದವರೂ ಅಲ್ಲ. ಒಮ್ಮೆ ಯುದ್ಧ ಕೊಟ್ಟಿತು, ಒಮ್ಮೆ ಲ್ಯಾಬ್ ಕೊಟ್ಟಿತು, ಇನ್ನೊಮ್ಮೆ ತೆರಿಗೆ ಇಲಾಖೆ ಕೊಟ್ಟಿತು. ಅಡುಗೆಮನೆಗೆ ವಿಷಯ ತಿಳಿದದ್ದು ಮಾತ್ರ ಕಡೆಗೆ, ದರದ ರೂಪದಲ್ಲಿ.

ಮೊದಲು ಈ ಕುಟುಂಬದ ಪರಿಚಯ ಮಾಡಿಕೊಳ್ಳೋಣ. ಸಸ್ಯಶಾಸ್ತ್ರದವರು ಇದನ್ನು ಬ್ರಾಸಿಕಾ ಅಂತಾರೆ. ನಿಮ್ಮ ತರಕಾರಿ ಚೀಲದ ಅರ್ಧ ಇದೇ ಮನೆತನ. ಎಲೆಕೋಸು, ಹೂಕೋಸು, ನವಿಲುಕೋಸು, ಈಗಿನವರ ಬ್ರೊಕೊಲಿ, ಇವೆಲ್ಲ ಬೇರೆ ಬೇರೆ ಗಿಡ ಅಂದುಕೊಂಡಿದ್ದೀರಾ? ಅಲ್ಲ. ಎಲ್ಲವೂ ಒಂದೇ ಪ್ರಭೇದ. ಒಂದರಲ್ಲಿ ಎಲೆ ಮುದುರಿಕೊಳ್ಳುವಂತೆ, ಒಂದರಲ್ಲಿ ಮೊಗ್ಗು ಗಟ್ಟಿಯಾಗುವಂತೆ, ಒಂದರಲ್ಲಿ ಕಾಂಡ ಊದಿಕೊಳ್ಳುವಂತೆ ರೈತರು ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ್ದು. ಟರ್ನಿಪ್ ಇನ್ನೊಂದು ಪ್ರಭೇದ. ಕಪ್ಪು ಸಾಸಿವೆ ಮತ್ತೊಂದು. ಇವು ಮೂರು ಹಿರಿಯರು.

ಈ ಮೂವರ ಸಂಬಂಧ ಏನು ಅಂತ 1935ರಲ್ಲಿ ಬಿಡಿಸಿ ಹೇಳಿದವನ ಕಥೆ ಸಿನಿಮಾ ಮಾಡುವ ಹಾಗಿದೆ. ಹೆಸರು ಊ ಜಾಂಗ್‌ಚುನ್. ಅಪ್ಪ ಕೊರಿಯಾದ ಸೇನಾಧಿಕಾರಿ. 1895ರಲ್ಲಿ ಕೊರಿಯಾದ ರಾಣಿಯ ಕೊಲೆ ಆಯಿತಲ್ಲ, ಆ ಸಂಚಿನಲ್ಲಿ ಅವನ ಕೈಯೂ ಇತ್ತು. ಜಪಾನಿಗೆ ಓಡಿಹೋದ, ಅಲ್ಲಿ ಜಪಾನಿ ಹೆಣ್ಣನ್ನು ಮದುವೆಯಾದ. 1903ರಲ್ಲಿ ಸೇಡು ತೀರಿಸಿಕೊಳ್ಳಲು ಬಂದವರು ಅವನನ್ನು ಅಲ್ಲೇ ಕೊಂದರು. ಮಗನಿಗಾಗ ಐದು ವರ್ಷದ ಆಸುಪಾಸು. ಆ ಮಗ ಜಪಾನಿನಲ್ಲಿ ಬೆಳೆದು, ಸಸ್ಯವಿಜ್ಞಾನಿಯಾಗಿ, ಕ್ರೋಮೋಸೋಮ್‌ಗಳನ್ನು ಎಣಿಸಿ ಎಣಿಸಿ ಒಂದು ತ್ರಿಕೋನ ಬರೆದ. ಮೂರು ಮೂಲೆಯಲ್ಲಿ ಮೂರು ಹಿರಿಯರು. ಮೂರು ಬದಿಗಳಲ್ಲಿ ಅವರ ಮಕ್ಕಳು. ಟರ್ನಿಪ್ ಪ್ರಭೇದ, ಕಪ್ಪು ಸಾಸಿವೆ ಕೂಡಿದರೆ ಉತ್ತರ ಭಾರತ ಎಣ್ಣೆಗೆ ಬೆಳೆಯುವ ಸಾಸಿವೆ. ಟರ್ನಿಪ್, ಕೋಸು ಕೂಡಿದರೆ ಯುರೋಪಿನ ರೇಪ್‌ಸೀಡ್. ಕಪ್ಪು ಸಾಸಿವೆ, ಕೋಸು ಕೂಡಿದರೆ ಇಥಿಯೋಪಿಯಾದ ಸಾಸಿವೆ. ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇದರ ಹೆಸರು 'ಊ ತ್ರಿಕೋನ'. 1950ರಲ್ಲಿ ಊ, ಹೆಂಡತಿ ಮಕ್ಕಳನ್ನು ಜಪಾನಿನಲ್ಲೇ ಬಿಟ್ಟು ಕೊರಿಯಾಕ್ಕೆ ಹೋದ. ಅಪ್ಪ ದ್ರೋಹ ಮಾಡಿದ ದೇಶಕ್ಕೆ ಮಗ ಕಿಮ್ಚಿಯ ಕೋಸು ಮತ್ತು ಮೂಲಂಗಿಯ ಒಳ್ಳೆ ಬೀಜ ಮಾಡಿಕೊಟ್ಟ. 1959ರಲ್ಲಿ ತೀರಿಕೊಂಡ. ಈ ತ್ರಿಕೋನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮೂರು ಬದಿಯೂ ನಮಗೆ ಬೇಕಾಗುತ್ತೆ.

ನಮಗೆ ಸಾಸಿವೆ ಹೊಸತೇನಲ್ಲ. ಸಿಂಧೂ ಕಣಿವೆಯ ಚನ್ಹುದಾರೋ ಉತ್ಖನನದಲ್ಲೇ ಸಾಸಿವೆ ಬೀಜ ಸಿಕ್ಕಿದೆ. ಮಗು ಸತ್ತ ತಾಯಿಗೆ ಬುದ್ಧ 'ಸಾವಿಲ್ಲದ ಮನೆಯ ಸಾಸಿವೆ ತಾ' ಅಂದ ಕಥೆ ನಮಗೆಲ್ಲ ಗೊತ್ತು. ಅಲ್ಲಿ ನಾವು ಸಾವಿನ ಬಗ್ಗೆ ಯೋಚಿಸ್ತೀವಿ, ಸಾಸಿವೆಯನ್ನು ಮರೆತುಬಿಡ್ತೀವಿ. ಬುದ್ಧ ಸಾಸಿವೆಯನ್ನೇ ಯಾಕೆ ಕೇಳಿದ? ಅದು ಇಲ್ಲದ ಮನೆಯೇ ಇರಲಿಲ್ಲ, ಅದಕ್ಕೆ! ಹಂಪಿಯ ಹೇಮಕೂಟದ ಬುಡದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಆಳೆತ್ತರ ಮೀರಿದ ಗಣಪನಿಗೆ ನಮ್ಮವರು ಕರೆದದ್ದು ಸಾಸಿವೆಕಾಳು ಗಣೇಶ ಅಂತ. ಅಲ್ಲಿನ ಶಾಸನ 1506ರದು, ಕಟ್ಟಿಸಿದವನು ಚಂದ್ರಗಿರಿಯ ಒಬ್ಬ ವ್ಯಾಪಾರಿ. ಸಾಸಿವೆ ಮಾರಿದ ದುಡ್ಡಲ್ಲೇ ಕಟ್ಟಿಸಿದ ಅನ್ನೋದು ಊರವರು ಹೇಳುವ ಕಥೆ.

ಆದರೆ ಒಂದು ವಿಷಯ ಗಮನಿಸಿ. ಕನ್ನಡಿಗರು ಸಾಸಿವೆ ಕಾಳು ತಿಂದರು, ಸಾಸಿವೆ ಎಣ್ಣೆ ತಿನ್ನಲಿಲ್ಲ. ನಮ್ಮ ಬಾಣಲೆಗೆ ಕಡಲೆಕಾಯಿ ಎಣ್ಣೆ, ಉತ್ತರ ಕರ್ನಾಟಕದಲ್ಲಿ ಕುಸುಬೆ ಎಣ್ಣೆ, ಬಯಲುಸೀಮೆಯಲ್ಲಿ ಹುಚ್ಚೆಳ್ಳು, ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ. ದೀಪಕ್ಕೆ? ಅದಕ್ಕೆ ಹೊಂಗೆ ಎಣ್ಣೆ, ಹಿಪ್ಪೆ ಎಣ್ಣೆ, ಹರಳೆಣ್ಣೆ. ಉಣ್ಣುವ ಎಣ್ಣೆಯ ಕುಡಿಕೆ ಬೇರೆ, ಉರಿಸುವ ಎಣ್ಣೆಯ ಕುಡಿಕೆ ಬೇರೆ. ಹೊಂಗೆ ಕಹಿ, ಬಾಯಿಗೆ ಇಡೋಕೆ ಆಗಲ್ಲ. ಹಾಗಾಗಿ ಅಡುಗೆಮನೆಗೂ ದೀಪದ ಗೂಡಿಗೂ ಜಗಳ ಬರುತ್ತಲೇ ಇರಲಿಲ್ಲ. ಸಾಸಿವೆ ಕುಟುಂಬದ ತಂಟೆ ಶುರುವಾಗುವುದೇ ಇಲ್ಲಿ. ಅದು ಎರಡೂ ಕುಡಿಕೆಗೆ ಹೋಗುವ ಎಣ್ಣೆ.

ಯುರೋಪಿಗೆ ಬನ್ನಿ. ಹದಿನೆಂಟನೇ ಶತಮಾನದ ಕೊನೆ, ಹತ್ತೊಂಬತ್ತರ ಮೊದಲ ಭಾಗ. ಶ್ರೀಮಂತರ ಮನೆಯ ದೀಪದಲ್ಲಿ ಉರಿಯುತ್ತಿದ್ದದ್ದು ತಿಮಿಂಗಿಲದ ಎಣ್ಣೆ ಅಥವಾ ಕೋಲ್ಜಾ. ಕೋಲ್ಜಾ ಅಂದರೆ ಇದೇ ರೇಪ್‌ಸೀಡ್ ಎಣ್ಣೆಗೆ ಫ್ರೆಂಚರ ಹೆಸರು. ಎಣ್ಣೆ ದಪ್ಪ, ಬತ್ತಿಗೆ ತಾನಾಗಿ ಏರಲ್ಲ. 1800ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಕಾರ್ಸೆಲ್ ಏನು ಮಾಡಿದ ಗೊತ್ತಾ? ದೀಪದ ಬುಡದಲ್ಲಿ ಗಡಿಯಾರದ ಯಂತ್ರ ಕೂರಿಸಿ, ಅದರಿಂದ ಎಣ್ಣೆಯನ್ನು ಪಂಪ್ ಮಾಡಿಸಿದ. ಕೀಲಿ ಕೊಟ್ಟರೆ ಬೆಳಕು! ಆ ದೀಪ ಎಷ್ಟು ಸ್ಥಿರವಾಗಿ ಉರಿಯುತ್ತಿತ್ತು ಅಂದರೆ, ಫ್ರಾನ್ಸ್‌ನಲ್ಲಿ ಬೆಳಕನ್ನು ಅಳೆಯುವ ಮಾನವೇ 'ಕಾರ್ಸೆಲ್' ಆಯಿತು. ಗಂಟೆಗೆ 42 ಗ್ರಾಂ ಕೋಲ್ಜಾ ಎಣ್ಣೆ ಉರಿಸುವ ದೀಪದ ಬೆಳಕು ಎಷ್ಟೋ ಅದು ಒಂದು ಕಾರ್ಸೆಲ್. ಇಂಜಿನಿಯರಿಂಗ್ ಓದುವಾಗ ಕ್ಯಾಂಡೆಲಾ ಅನ್ನುವ ಯೂನಿಟ್ ಬಾಯಿಪಾಠ ಮಾಡಿದವನು ನಾನು. ಅದಕ್ಕೆ ಮೊದಲು ಬೆಳಕಿನ ಅಳತೆಗೋಲು ಸಾಸಿವೆಯ ಬಳಗದ್ದಾಗಿತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಫ್ರಾನ್ಸ್‌ನ ದೀಪಸ್ತಂಭಗಳಲ್ಲಿ ಕೋಲ್ಜಾ ಉರಿಯಿತು. ತಿಮಿಂಗಿಲದ ಎಣ್ಣೆ ದುಬಾರಿಯಾಗುತ್ತಾ ಹೋದಂತೆ, 1840ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನ ದೀಪಸ್ತಂಭಗಳೂ ಕೋಲ್ಜಾ ಕಡೆಗೆ ತಿರುಗಿದವು. ಅತ್ತ ಜಪಾನಿನ ಊರುಗಳಲ್ಲೂ ರಾತ್ರಿ ಬೆಳಗುತ್ತಿದ್ದದ್ದು ಇದೇ ಬಳಗದ ಎಣ್ಣೆ. ಆಮೇಲೆ 1859. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಕಲ್ಲೆಣ್ಣೆ ಸಿಕ್ಕಿತು. ಸೀಮೆಎಣ್ಣೆ ಬಂತು. ಅಗ್ಗ, ತೆಳು, ಬತ್ತಿಗೆ ತಾನಾಗಿ ಏರುತ್ತೆ. ಕೋಲ್ಜಾದ ಕಾಲ ಕೆಲವೇ ದಶಕಗಳಲ್ಲಿ ಮುಗೀತು. ನಮ್ಮ ಹೊಂಗೆ ದೀಪದ ಗತಿಯೂ ಮುಂದೆ ಅದೇ ಆಯಿತು ಬಿಡಿ.

ಮುಗೀತು ಅಂದುಕೊಂಡರೆ, ಇಲ್ಲ. ಉಗಿಯಂತ್ರ ಅದನ್ನು ಉಳಿಸಿತು. ಉಗಿ ಇಂಜಿನ್ನಿನ ಒಳಗೆ ಬಿಸಿನೀರು, ಹಬೆ. ಕಲ್ಲೆಣ್ಣೆಯಿಂದ ಬಂದ ಲೂಬ್ರಿಕೆಂಟ್ ಅಲ್ಲಿ ತೊಳೆದುಹೋಗುತ್ತೆ. ರೇಪ್‌ಸೀಡ್ ಎಣ್ಣೆ ಮಾತ್ರ ಒದ್ದೆ ಲೋಹಕ್ಕೂ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಹಡಗಿನ ಇಂಜಿನ್‌ಗಳಿಗೆ ಅದು ಬೇಕೇ ಬೇಕು. ಎರಡನೇ ಮಹಾಯುದ್ಧ ಶುರುವಾಗಿ ಯುರೋಪ್, ಏಷ್ಯಾದಿಂದ ಪೂರೈಕೆ ನಿಂತಾಗ ಮಿತ್ರಪಡೆಗಳ ಹಡಗುಗಳಿಗೆ ಎಣ್ಣೆ ಎಲ್ಲಿಂದ ತರೋದು? ಕೆನಡಾ ಸರಕಾರ ತನ್ನ ರೈತರಿಗೆ ಹೇಳಿತು, ಬೆಳೆಯಿರಿ ಅಂತ. 1942-43ರ ಹೊತ್ತಿಗೆ ಕೆನಡಾದ ಹುಲ್ಲುಗಾವಲು ಪ್ರಾಂತ್ಯಗಳಲ್ಲಿ ರೇಪ್‌ಸೀಡ್ ಕಾಲಿಟ್ಟಿತು. ಒಂದು ತಳಿಯ ಬೀಜ ಬಂದದ್ದು ಅರ್ಜೆಂಟೀನಾದಿಂದ. ಇನ್ನೊಂದು ತಳಿಯ ಮೂಲ ಪೋಲೆಂಡ್. ಸಾಸ್ಕಾಚೆವಾನ್‌ನ ಶೆಲ್‌ಬ್ರೂಕ್ ಎಂಬಲ್ಲಿ ಪೋಲೆಂಡಿನಿಂದ ಬಂದು ನೆಲೆಸಿದ ರೈತರೊಬ್ಬರು ತಮ್ಮ ಹಿತ್ತಿಲಲ್ಲಿ ಅದನ್ನು ಯುದ್ಧಕ್ಕೆ ಮೊದಲೇ ಬೆಳೆಯುತ್ತಿದ್ದರು. ಹಿತ್ತಿಲ ಗಿಡ ನೌಕಾಪಡೆಗೆ ಸೇರಿದ ಪರಿ ಇದು.

ಯುದ್ಧ ಮುಗೀತು, ಉಗಿ ಹಡಗುಗಳ ಜಾಗಕ್ಕೆ ಡೀಸೆಲ್ ಹಡಗು ಬಂತು, ಬೆಲೆ ಬಿತ್ತು. 1950ರ ಹೊತ್ತಿಗೆ ಕೆನಡಾದಲ್ಲಿ ಈ ಬೆಳೆ ಹೆಚ್ಚುಕಡಿಮೆ ಮಾಯ. ಸರಕಾರ ಹೇಳಿದ್ದಕ್ಕೆ ಬೆಳೆದ ರೈತನ ಕಥೆ ಎಲ್ಲಾ ದೇಶದಲ್ಲೂ ಒಂದೇ ತರ ಇರುತ್ತೆ ನೋಡಿ.

ಹಾಗಾದರೆ ಅದನ್ನು ತಿನ್ನಬಹುದಲ್ಲ? ತಿನ್ನೋದಕ್ಕೆ ಎರಡು ತೊಡಕು. ಒಂದು ಎರೂಸಿಕ್ ಆ್ಯಸಿಡ್ ಅನ್ನುವ ಕೊಬ್ಬಿನಾಮ್ಲ. ಹಳೆಯ ರೇಪ್‌ಸೀಡ್ ಎಣ್ಣೆಯಲ್ಲಿ ಅದರದ್ದೇ ಸಿಂಹಪಾಲು. ಇಲಿಗಳಿಗೆ ಅದನ್ನು ಹೆಚ್ಚು ತಿನ್ನಿಸಿದಾಗ ಹೃದಯದ ಸ್ನಾಯುವಿನಲ್ಲಿ ತೊಂದರೆ ಕಾಣಿಸಿತು. ಎರಡನೇದು ಗ್ಲುಕೋಸಿನೋಲೇಟ್. ಇದು ನಿಮಗೆ ಗೊತ್ತಿರುವ ಪದಾರ್ಥವೇ, ಹೆಸರು ಗೊತ್ತಿಲ್ಲ ಅಷ್ಟೆ. ಸಾಸಿವೆಯನ್ನು ಹಸಿಯಾಗಿ ಅರೆದರೆ ಮೂಗಿಗೆ ಏರುವ ಖಾರ ಇದೆಯಲ್ಲ, ಅದರ ಮೂಲ. ಕಾಳು ಒಡೆದು ನೀರು ತಾಗಿದಾಗ ಒಳಗಿನ ಒಂದು ಕಿಣ್ವ ಕೆಲಸ ಮಾಡಿ ಆ ಖಾರ ಹುಟ್ಟುತ್ತೆ. ಮಲೆನಾಡು, ಕರಾವಳಿಯವರು ತೆಂಗಿನಕಾಯಿ ಜೊತೆ ಹಸಿ ಸಾಸಿವೆ ಅರೆದು ಮೊಸರು ಹಾಕಿ ಮಾಡುವ ಸಾಸಿವೆಯಲ್ಲಿ ಈ ಖಾರ ಸಿಗುತ್ತೆ. ಒಗ್ಗರಣೆಯಲ್ಲಿ ಸಿಗಲ್ಲ, ಯಾಕಂದ್ರೆ ಕಾದ ಎಣ್ಣೆಯಲ್ಲಿ ಕಿಣ್ವ ಸತ್ತಿರುತ್ತೆ, ಕಾಳು ಬರೀ ಘಮ್ಮೆನ್ನುತ್ತೆ. ನಮ್ಮ ಅಜ್ಜಿಯರಿಗೆ ಈ ಕೆಮಿಸ್ಟ್ರಿ ಪುಸ್ತಕ ಬೇಕಿರಲಿಲ್ಲ. ಊಟಕ್ಕೆ ಚಿಟಿಕೆ ಖಾರ ಸರಿ, ಆದರೆ ದನ, ಕೋಳಿಗೆ ದಿನಾ ಹಿಂಡಿಯಾಗಿ ಅದೇ ಹಾಕಿದರೆ ಥೈರಾಯ್ಡ್ ಕೆಡುತ್ತೆ, ಮೇವೂ ರುಚಿಸಲ್ಲ.

ಕೆನಡಾದ ಇಬ್ಬರು ವಿಜ್ಞಾನಿಗಳು, ಸಾಸ್ಕಟೂನ್‌ನ ಕೀತ್ ಡೌನಿ ಮತ್ತು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಬಾಲ್ಡರ್ ಸ್ಟೆಫಾನ್ಸನ್, ಈ ಎರಡನ್ನೂ ತೆಗೆಯೋಕೆ ಹೊರಟರು. ಇಲ್ಲಿ ಒಂದು ಸೊಗಸಾದ ಇಂಜಿನಿಯರಿಂಗ್ ಇದೆ, ಹೇಳಲೇಬೇಕು. ಬೀಜದೊಳಗೆ ಎಂಥ ಎಣ್ಣೆ ಇದೆ ಅಂತ ತಿಳಿಯಬೇಕಾದರೆ ಬೀಜವನ್ನು ಜಜ್ಜಬೇಕು. ಜಜ್ಜಿದ ಮೇಲೆ ಬಿತ್ತೋದೇನನ್ನು? 1963ರಲ್ಲಿ ಡೌನಿ ಮತ್ತು ಬ್ರಯಾನ್ ಹಾರ್ವಿ ಒಂದು ಉಪಾಯ ಪ್ರಕಟಿಸಿದರು. ಬೀಜದಲ್ಲಿ ಎರಡು ಬೇಳೆ ಇರುತ್ತಲ್ಲ, ನೆನೆಸಿದ ಬೀಜದ ಹೊರಗಿನ ಬೇಳೆಯನ್ನಷ್ಟೇ ಹುಷಾರಾಗಿ ತೆಗೆದು ಯಂತ್ರದಲ್ಲಿ ಪರೀಕ್ಷೆಗೆ ಹಾಕು. ಉಳಿದ ಬೇಳೆ, ಬೇರು ಇರುವ ಅರ್ಧವನ್ನು ಮಣ್ಣಿಗೆ ಹಾಕು. ಪರೀಕ್ಷೆಯಲ್ಲಿ ಪಾಸಾದ ಬೀಜದ ಅರ್ಧವನ್ನು ಬೆಳೆಸು, ಫೇಲಾದದ್ದನ್ನು ಕಿತ್ತು ಬಿಸಾಕು. ಸಾಸಿವೆ ಕಾಳಿನಷ್ಟು ಅಂತ ನಾವು ಚಿಕ್ಕದಕ್ಕೆಲ್ಲ ಹೋಲಿಕೆ ಕೊಡ್ತೀವಿ. ಆ ಸಾಸಿವೆ ಕಾಳಿನಷ್ಟದ್ದನ್ನೇ ಎರಡು ಭಾಗ ಮಾಡಿ ಅವರು ಸಾವಿರಾರು ಸಲ ಈ ಕೆಲಸ ಮಾಡಿದರು!

1974ರಲ್ಲಿ ಸ್ಟೆಫಾನ್ಸನ್ ಅವರ 'ಟವರ್' ತಳಿ ಬಂತು. ಎರಡೂ ದೋಷ ಕಡಿಮೆ ಇದ್ದ ಮೊದಲ ರೇಪ್‌ಸೀಡ್ ತಳಿ. ಆದರೆ ಹೆಸರು ತೊಂದರೆ. ರೇಪ್ ಅಂದರೆ ಲ್ಯಾಟಿನ್ನಿನಲ್ಲಿ ಟರ್ನಿಪ್, ಪಾಪ ಗಿಡದ ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಆ ಪದ ಬಾಟಲಿ ಮೇಲೆ ಹಾಕಿ ಮಾರೋಕಾಗುತ್ತಾ? 1978ರಲ್ಲಿ ಕೆನಡಾದ ಎಣ್ಣೆ ತೆಗೆಯುವ ಉದ್ಯಮದವರು ಹೊಸ ಹೆಸರು ನೋಂದಾಯಿಸಿದರು: ಕನೋಲಾ. ಕೆನಡಾದ ಹೆಸರನ್ನೇ ಹಾಕಿದ ಎಣ್ಣೆ. 1985ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇವತ್ತು ಟೊರಾಂಟೊದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರ ಮನೆಗೆ ಹೋಗಿ, ಬಿಸಿಬೇಳೆಬಾತಿನ ಒಗ್ಗರಣೆ ಕನೋಲಾದಲ್ಲೇ ಆಗುವ ಮನೆಗಳು ಬೇಕಾದಷ್ಟು. ಅಣ್ಣನ ಎಣ್ಣೆಯಲ್ಲಿ ತಮ್ಮ ಸಿಡಿಯುತ್ತಿರುತ್ತಾನೆ. ಅದೇ ಊರಿನ ಭಾರತೀಯ ಅಂಗಡಿಯಲ್ಲಿ ನಮ್ಮ ಸಾಸಿವೆ ಎಣ್ಣೆಯ ಬಾಟಲಿ ಮೇಲೆ 'ಹೊರಗಿನ ಬಳಕೆಗೆ ಮಾತ್ರ' ಅಂತ ಬರೆದಿರುತ್ತೆ. ಕಾರಣ ಅದೇ ಎರೂಸಿಕ್ ಆ್ಯಸಿಡ್. ಬಂಗಾಳಿಗಳು ತಲೆತಲಾಂತರದಿಂದ ಅದರಲ್ಲೇ ಮೀನು ಹುರಿದು ತಿಂದುಕೊಂಡು ಬಂದಿದ್ದಾರೆ, ಆ ಮಾತು ಬೇರೆ. ಇನ್ನೊಂದು ತಮಾಷೆ: ಎರೂಸಿಕ್ ಹೆಚ್ಚಿರುವ ಹಳೆಯ ತಳಿಯನ್ನು ಇವತ್ತಿಗೂ ಬೇರೆಯಾಗಿ ಬೆಳೆಯುತ್ತಾರೆ. ಅದರಿಂದ ಮಾಡುವ ಒಂದು ರಾಸಾಯನಿಕ ಪ್ಲಾಸ್ಟಿಕ್ ಕವರ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಜಾರುವಂತೆ ಮಾಡುತ್ತೆ. ತಿನ್ನಬಾರದು ಅಂದ ಎಣ್ಣೆ ತರಕಾರಿ ತರುವ ಕವರ್ ಸೇರಿತು!

ಅಲ್ಲಿಗೆ ದೀಪದಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ತಟ್ಟೆಗೆ ಬಂದಾಯಿತು. ಈಗ ವಾಪಸ್ ಟ್ಯಾಂಕಿಗೆ.

ಡೀಸೆಲ್ ಇಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಗೊತ್ತಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ. ನಾವು ಕಾಲೇಜಿನಲ್ಲಿ ಡೀಸೆಲ್ ಸೈಕಲ್‌ನ ಗ್ರಾಫ್ ಬರೆದು ಬರೆದು ಸುಸ್ತಾದೆವು, ಕಡಲೆಕಾಯಿ ಮಾತ್ರ ಸಿಲಬಸ್‌ನಲ್ಲಿ ಇರಲಿಲ್ಲ. ಗಿಡದ ಎಣ್ಣೆಗೆ ಒಂದೇ ಸಮಸ್ಯೆ, ದಪ್ಪ. ನಾಝಲ್ ಕಟ್ಟಿಕೊಳ್ಳುತ್ತೆ. ಅದಕ್ಕೆ ಪರಿಹಾರ ಸರಳ ರಸಾಯನಶಾಸ್ತ್ರ: ನೂರು ಕೆ.ಜಿ. ಎಣ್ಣೆಗೆ ಸುಮಾರು ಹತ್ತು ಕೆ.ಜಿ. ಮೆಥನಾಲ್, ಸ್ವಲ್ಪ ಕ್ಷಾರ. ನೂರು ಕೆ.ಜಿ.ಯಷ್ಟು ತೆಳು ಇಂಧನ ಬರುತ್ತೆ, ಹತ್ತು ಕೆ.ಜಿ. ಗ್ಲಿಸರಿನ್ ಉಳಿಯುತ್ತೆ. ತಾಳೆ ಎಣ್ಣೆಯದ್ದು ಯುರೋಪಿನ ಚಳಿಗೆ ಗಟ್ಟಿಯಾಗಿಬಿಡುತ್ತೆ, ರೇಪ್‌ಸೀಡಿನದ್ದು ಅಷ್ಟು ಬೇಗ ಆಗಲ್ಲ. 2003ರಲ್ಲಿ ಯುರೋಪಿಯನ್ ಒಕ್ಕೂಟ ಗುರಿ ಇಟ್ಟಿತು: 2010ರೊಳಗೆ ವಾಹನ ಇಂಧನದಲ್ಲಿ ಶೇ. 5.75 ಜೈವಿಕ ಇಂಧನ. ಜರ್ಮನಿ ತೆರಿಗೆ ವಿನಾಯಿತಿ ಕೊಟ್ಟಿತು. ಮೇ ತಿಂಗಳಲ್ಲಿ ಜರ್ಮನಿಯ ಮೇಲೆ ವಿಮಾನದಲ್ಲಿ ಹಾರಿದವರು ಆ ಹಳದಿಯನ್ನು ನೋಡಿರ್ತೀರಿ. ನಮ್ಮ ಸಿನಿಮಾದವರು ಹಾಡಿಗೆ ಹುಡುಕುವ ಹಳದಿ. ಅದರಲ್ಲಿ ದೊಡ್ಡ ಪಾಲು ಕಾರಿನ ಹಳದಿ.

ಒಂದು ಲೆಕ್ಕ ಹಾಕೋಣ, ಕ್ಯಾಲ್ಕುಲೇಟರ್ ಬೇಡ. ಜರ್ಮನಿಯಲ್ಲಿ ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆಗೆ ಸುಮಾರು ಮೂರೂವರೆ ಟನ್ ರೇಪ್‌ಸೀಡ್. ಶೇ. 40ರಷ್ಟು ಎಣ್ಣೆ ಅಂದರೂ 1,400 ಕೆ.ಜಿ., ಹತ್ತಿರ ಹತ್ತಿರ 1,500 ಲೀಟರ್. ನೂರು ಕಿಲೋಮೀಟರಿಗೆ ಆರು ಲೀಟರ್ ಕುಡಿಯುವ ಕಾರು ವರ್ಷಕ್ಕೆ 15,000 ಕಿಲೋಮೀಟರ್ ಓಡಿದರೆ 900 ಲೀಟರ್ ಬೇಕು. ಅಂದರೆ ಎರಡೂವರೆ ಎಕರೆಯ ಇಡೀ ಬೆಳೆ ಎರಡು ಕಾರಿಗೂ ಸಾಲಲ್ಲ. ಅದೇ 1,400 ಕೆ.ಜಿ. ಎಣ್ಣೆ ಅಡುಗೆಗೆ ಬಂದರೆ? ಭಾರತೀಯನೊಬ್ಬ ವರ್ಷಕ್ಕೆ ತಿನ್ನುವ ಎಣ್ಣೆ ಸುಮಾರು 19 ಕೆ.ಜಿ. ಎಪ್ಪತ್ತಕ್ಕೂ ಹೆಚ್ಚು ಜನರ ಇಡೀ ವರ್ಷದ ಎಣ್ಣೆ! ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಎರಡೂ ಲೆಕ್ಕದಲ್ಲಿ ದನಕ್ಕೆ ಸಿಗುತ್ತೆ, ಯುರೋಪಿನ ರೈತನಿಗೆ ಸ್ಥಿರ ಗಿರಾಕಿ ಸಿಕ್ಕಿದ್ದೂ ನಿಜ. ಆದರೆ ಈ ಲೆಕ್ಕ ನನ್ನ ತಲೆಯಿಂದ ಹೋಗಲ್ಲ. 2007ರಲ್ಲಿ ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರ ಜಾನ್ ಝೀಗ್ಲರ್, ಆಹಾರದ ಬೆಳೆಯನ್ನು ಇಂಧನ ಮಾಡೋದು ಮಾನವಕುಲದ ವಿರುದ್ಧದ ಅಪರಾಧ ಅಂದರು, ಐದು ವರ್ಷ ನಿಲ್ಲಿಸಿ ಅಂದರು. ಮರುವರ್ಷ ಜಗತ್ತಿನ ಆಹಾರ ದರ ಗಗನಕ್ಕೇರಿತು. ಎಲ್ಲದಕ್ಕೂ ಬಯೋಡೀಸೆಲ್ ಕಾರಣ ಅನ್ನೋದು ಉತ್ಪ್ರೇಕ್ಷೆ, ಕಾರಣವೇ ಅಲ್ಲ ಅನ್ನೋದು ಸುಳ್ಳು.

ಭಾರತದ ಕಥೆ ಬೇರೆ ದಾರಿ ಹಿಡಿಯಿತು. 1986ರಲ್ಲಿ ರಾಜೀವ್ ಗಾಂಧಿ ಸರಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುಮಾಡಿತು. ಒಳ್ಳೆ ಬೀಜ, ಬೆಂಬಲ ಬೆಲೆ, ಆಮದಿಗೆ ಲಗಾಮು. ಹತ್ತು ವರ್ಷದೊಳಗೆ ಎಣ್ಣೆಕಾಳು ಉತ್ಪಾದನೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು, ಅಡುಗೆ ಎಣ್ಣೆಯಲ್ಲಿ ದೇಶ ಸ್ವಾವಲಂಬನೆಯ ಹೊಸ್ತಿಲಿಗೆ ಬಂದಿತ್ತು. ಹಳದಿ ಕ್ರಾಂತಿ ಅಂದದ್ದು ಇದಕ್ಕೇ, ಸಾಸಿವೆ ಹೂವಿನ ಹಳದಿ. ಆಮೇಲೆ 1994ರಿಂದ ಆಮದಿನ ಬಾಗಿಲು ತೆರೆಯಿತು, ತಾಳೆ ಎಣ್ಣೆ ಹರಿದು ಬಂತು. ಇವತ್ತು ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ವರ್ಷಕ್ಕೆ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ ಬಿಲ್ಲು. ಹೊಸ್ತಿಲವರೆಗೆ ಬಂದವರು ವಾಪಸ್ ಹೋದದ್ದು ನಮ್ಮ ಆರ್ಥಿಕ ಇತಿಹಾಸದಲ್ಲಿ ಅತಿ ಕಡಿಮೆ ಚರ್ಚೆಯಾದ ಸೋಲು ಅಂತ ನನ್ನ ಅಭಿಪ್ರಾಯ.

ನಡುವೆ 1998. ದೆಹಲಿಯಲ್ಲಿ ಜನರ ಕಾಲು ಊದತೊಡಗಿದವು, ಉಸಿರು ಕಟ್ಟತೊಡಗಿತು. ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಣ್ಣೆ ಬೆರೆತಿತ್ತು. ಹಳದಿ ಹೂವಿನ, ಮುಳ್ಳಿನ ಎಲೆಯ ಆ ಕಳೆಗಿಡ ನಮ್ಮ ರಸ್ತೆಬದಿಯಲ್ಲೂ ಇದೆ, ಅದರ ಬೀಜ ನೋಡೋಕೆ ಥೇಟ್ ಸಾಸಿವೆ. 60ಕ್ಕೂ ಹೆಚ್ಚು ಜನ ಸತ್ತರು, ಸುಮಾರು 3,000 ಜನ ಕಾಯಿಲೆ ಬಿದ್ದರು. ಬಿಡಿ ಸಾಸಿವೆ ಎಣ್ಣೆ ಮಾರಾಟಕ್ಕೆ ನಿಷೇಧ ಬಂತು. ಊರ ಗಾಣದಲ್ಲಿ ಕಣ್ಣೆದುರು ಎಣ್ಣೆ ತೆಗೆಸಿ ಒಯ್ಯುತ್ತಿದ್ದ ಬಡವರಿಗೂ ಪ್ಯಾಕೆಟ್ಟೇ ಗತಿ ಎಂಬ ಕೂಗೆದ್ದಿತು. ಬೆರಕೆಯ ಚಾಳಿ ಅಲ್ಲಿಗೆ ನಿಲ್ಲಲಿಲ್ಲ, ಕಾನೂನುಬದ್ಧವಾಗಿಯೇ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸುವುದು ನಡೆದಿತ್ತು. ಅದಕ್ಕೆ ಪೂರ್ಣ ತಡೆ ಬಿದ್ದದ್ದು 2021ರ ಜೂನ್‌ನಲ್ಲಿ.

ಇಳುವರಿ ಹೆಚ್ಚಿಸುತ್ತೇವೆ ಅಂತ ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ತಂಡ ಕುಲಾಂತರಿ ಸಾಸಿವೆ ಡಿಎಂಎಚ್-11 ಮಾಡಿತು. 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತು. ಕಳೆನಾಶಕ ತಡೆಯುವ ಜೀನ್ ಅದರಲ್ಲಿದೆ, ಜೇನುನೊಣದ ಗತಿ ಏನು, ಕೈಯಲ್ಲಿ ಕಳೆ ಕೀಳುವ ಹೆಂಗಸರ ಕೂಲಿ ಏನು ಅಂತ ವಿರೋಧಿಗಳ ಪ್ರಶ್ನೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನಮ್ಮ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಒಪ್ಪಿಗೆಯನ್ನು ರದ್ದು ಮಾಡಿದರು, ಸಂಜಯ್ ಕರೋಲ್ ಎತ್ತಿಹಿಡಿದರು. ವಿಷಯ ಬೇರೆ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.

ತ್ರಿಕೋನದ ಮೂರನೇ ಬದಿ ಬಾಕಿ ಇದೆಯಲ್ಲ, ಇಥಿಯೋಪಿಯಾದ ಸಾಸಿವೆ? ಅದೂ ಟ್ಯಾಂಕು ಸೇರಿದೆ. 2012ರ ಅಕ್ಟೋಬರ್‌ನಲ್ಲಿ ಕೆನಡಾದ ಒಟ್ಟಾವಾದ ಮೇಲೆ ಒಂದು ಜೆಟ್ ಪೂರ್ತಿ ಆ ಎಣ್ಣೆಯಿಂದ ಮಾಡಿದ ಇಂಧನದಲ್ಲೇ ಹಾರಿತು. 2018ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಿಂದ ಮೆಲ್ಬೋರ್ನ್‌ಗೆ ಹೋದ ಕ್ವಾಂಟಾಸ್ ವಿಮಾನದ ಇಂಧನದಲ್ಲಿ ಶೇ. 10 ಅದರದ್ದು. ಇಥಿಯೋಪಿಯಾದಲ್ಲಿ ಅದರ ಸೊಪ್ಪನ್ನು ಗೋಮೆನ್ ಅಂತ ಬೇಯಿಸಿ, ಇಂಜೆರಾ ಜೊತೆ ತಿನ್ನುತ್ತಾರೆ. ನಮ್ಮ ಮುದ್ದೆಗೆ ಸೊಪ್ಪಿನ ಸಾರು ಇದ್ದಂತೆ.

ನಮ್ಮಲ್ಲಿ 2018ರ ಜೈವಿಕ ಇಂಧನ ನೀತಿ ಡೀಸೆಲ್‌ಗೆ ತಿನ್ನದ ಎಣ್ಣೆಗೇ ಒತ್ತು ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ತೋರಿಸಿ ಎಷ್ಟೋ ವರ್ಷ ಆಯಿತು. ಅಜ್ಜಿಯ ಎರಡನೇ ಕುಡಿಕೆ ಅದೇ. ಆದರೆ ಹೊಂಗೆ ಬೀಜ ಆರಿಸುವವರಿಗೆ ಕೂಲಿ ಗಿಟ್ಟುವ ಬೆಲೆ ಸಿಗಬೇಕು, ಗಾಣಕ್ಕೆ ವರ್ಷಪೂರ್ತಿ ಬೀಜ ಸಿಗಬೇಕು. ಆ ಎರಡೂ ಕೂಡಿಬರದೆ ಹೊಂಗೆ ನಮ್ಮಲ್ಲಿ ಇನ್ನೂ ರಸ್ತೆಬದಿಯ ನೆರಳಿನ ಮರವಾಗಿಯೇ ಉಳಿದಿದೆ. ಅತ್ತ ಎಥನಾಲ್‌ಗೆ ಅಕ್ಕಿ, ಮೆಕ್ಕೆಜೋಳ ಹೋಗುತ್ತಿರೋದು ಹಾವೇರಿ, ದಾವಣಗೆರೆಯ ರೈತರಿಗೂ ಗೊತ್ತು, ಮೇವಿನ ದರ ಕೊಡುವ ಕೋಳಿ ಫಾರಂನವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಇನ್ನು ನಮ್ಮ ಬಾಣಲೆಯ ದರ ಎಲ್ಲಿ ತೀರ್ಮಾನ ಆಗ್ತಿದೆ ನೋಡಿ. 2025ರಿಂದ ಇಂಡೋನೇಷ್ಯಾ ತನ್ನ ಡೀಸೆಲ್‌ನಲ್ಲಿ ಶೇ. 40 ತಾಳೆ ಎಣ್ಣೆಯ ಇಂಧನ ಬೆರೆಸಲು ಹೊರಟಿದೆ. ಅಲ್ಲಿನ ಲಾರಿ ಹೆಚ್ಚು ಕುಡಿದಷ್ಟೂ ನಮಗೆ ಬರುವ ತಾಳೆ ಎಣ್ಣೆ ತುಟ್ಟಿ. ತಾಳೆ ತುಟ್ಟಿಯಾದರೆ ಸೂರ್ಯಕಾಂತಿ, ಸೋಯಾ, ಸಾಸಿವೆ ಎಲ್ಲವೂ ಅದರ ಹಿಂದೆ. ಅಕ್ಟೋಬರ್ ಬಂತೆಂದರೆ ರಾಜಸ್ಥಾನದ ಭರತ್‌ಪುರ, ಅಲ್ವರ್ ಕಡೆ ಸಾಸಿವೆ ಬಿತ್ತನೆ ಶುರು, ಫೆಬ್ರವರಿ-ಮಾರ್ಚ್‌ಗೆ ಕಾಳು ಮಂಡಿಗೆ ಬರುತ್ತೆ. ಆ ಕಾಳಿಗೆ ರೇಟು ಹೇಳುವ ಮೊದಲು ವ್ಯಾಪಾರಿ ಮೊಬೈಲ್ ತೆಗೆದು ನೋಡೋದು ಕೌಲಾಲಂಪುರದ ತಾಳೆ ಎಣ್ಣೆಯ ದರವನ್ನು.